ಫಾಯಿಲ್ ಬಿಚ್ಚಿದವರು ಯಾರು?

ಮಗಳ ಎರಡನೇ ಜಡೆ ಅರ್ಧಕ್ಕೆ ಬಂದಿತ್ತು. ಫೋನ್ ಹೊಡೆದುಕೊಂಡಿತು.

“ಅಕ್ಕಾ, ಎಲ್ಲ ಹಾಳಾಯ್ತು! ಫಾಯಿಲ್ ಸುತ್ತಿಟ್ಟಿದ್ದ ಪ್ಲೇಟಲ್ಲೂ ಯೀಸ್ಟ್ ಬೆಳೆದುಬಿಟ್ಟಿದೆ!”

ಕರೆ ಮಾಡಿದ್ದು ಪ್ರಯೋಗಾಲಯದ ಸಂಶೋಧನಾ ವಿದ್ಯಾರ್ಥಿನಿ. ಪಟಪಟ ಮಾತಾಡುವ ಅವಳಿಗೆ ಎಲ್ಲರೂ ಇಟ್ಟ ಹೆಸರು ಪಟಾಕಿ. ಆ ಪಟಾಕಿ ಈಗ ಬಿಕ್ಕುತ್ತಿತ್ತು.

ಡಿಎನ್ಎ ರಿಪೇರಿ ಕುರಿತ ಪ್ರಾದೇಶಿಕ ಸಮ್ಮೇಳನಕ್ಕೆ ಉಳಿದಿದ್ದು ಎರಡೇ ಗಂಟೆ. ಸಂಚಾಲಕಿ ಈ ತಾಯಿಯೇ. ಒಂದೂವರೆ ಜಡೆಯ ಮಗಳನ್ನು ಎಳೆದುಕೊಂಡು ಪ್ರಯೋಗಾಲಯಕ್ಕೆ ಓಡಿದಳು.

ಮೇಜಿನ ಮೇಲೆ ಅಂಕಿ ಬರೆದ ಎಂಟು ಪ್ಲೇಟು. ನೇರಳಾತೀತ ದೀಪದಡಿ ಎಲ್ಲದರ ಯೀಸ್ಟಿಗೂ ಪೆಟ್ಟು ಕೊಟ್ಟಾಗಿತ್ತು. ಆಮೇಲೆ ಬೆಳಕು ತಾಗಿದರೆ ಜೀವಕೋಶ ತನ್ನ ಡಿಎನ್ಎಯನ್ನು ತಾನೇ ಸರಿಮಾಡಿಕೊಂಡು ಬೆಳೆಯುತ್ತದೆ, ಕತ್ತಲಲ್ಲಿಟ್ಟರೆ ಸಾಯುತ್ತದೆ. ಒಂದರಿಂದ ನಾಲ್ಕು ಬೆಳಕಿಗೆ, ಐದರಿಂದ ಎಂಟು ಫಾಯಿಲಿನೊಳಗೆ. ಆದರೆ ಎಂಟರಲ್ಲೂ ಯೀಸ್ಟ್ ದಟ್ಟವಾಗಿ ಬೆಳೆದಿತ್ತು!

ವಿಭಾಗದ ಮುಖ್ಯಸ್ಥರಾದ ದೊಡ್ಡ ಮೇಷ್ಟ್ರು ಸಮ್ಮೇಳನದ ಪುಸ್ತಿಕೆಗಳ ಕಟ್ಟು ಹಿಡಿದು ಬಂದರು. “ಮುಖಪುಟ ನೋಡಿದ್ಯೇನಮ್ಮಾ? ಹೇಗೆ ಮಿಂಚ್ತಿದೆ!” ಎಂದು ಸಂಚಾಲಕಿಯ ಕೈಗೊಂದು ತುರುಕಿದರು. ಪ್ಲೇಟು ಕಂಡದ್ದೇ ಮುಖ ಗಂಟಾಯಿತು.

“ನೇರಳಾತೀತ ದೀಪ ಹಾಕೋದನ್ನೇ ಮರೆತಿದೀಯ! ಇದನ್ನ ತೋರಿಸಿ ನಮ್ಮ ಮಾನ ಕಳೀಬೇಕಾ? ನಿನ್ನ ಭಾಷಣ ರದ್ದು.”

ಪಟಾಕಿಯ ಮೊದಲ ಭಾಷಣ ಅದು. ಮಗಳು ಏನೋ ಹೇಳಲು ಬಾಯಿ ತೆರೆದಳು. “ಶ್!” ಎಂದಳು ತಾಯಿ.

“ಒಂದು ನಿಮಿಷ ಸರ್. ದೀಪ ಹಾಕಿದ್ದು ಯಾವಾಗ ಪುಟ್ಟಾ?” ಎಂದು ಪಟಾಕಿಯತ್ತ ತಿರುಗಿದಳು.

“ಸೋಮವಾರ ಎರಡಕ್ಕೆ. ಬೇರೆ ಬೆಳಕು ತಾಗಬಾರ್ದು ಅಂತ ಕೆಂಪು ದೀಪದಲ್ಲೇ ಫಾಯಿಲ್ ಸುತ್ತಿದೆ. ಬೀರುವಲ್ಲಿಟ್ಟು ಊಟಕ್ಕೆ ಓಡಿದೆ.”

“ಮುಚ್ಚಳದ ಮೇಲೆ ಈ ಹಸಿರು ಚುಕ್ಕೆ?”

“ನೇರಳಾತೀತ ಕೊಟ್ಟ ಮೇಲೇ ಇಡೋದು. ಯಾವಾಗ್ಲೂ ಹಾಗೇನೇ.”

“ಬೀರುವಿಗೆ ಬೀಗ?”

“ಯೀಸ್ಟನ್ನ ಯಾರು ಕದೀತಾರಕ್ಕಾ!”

ಪ್ರಯೋಗಾಲಯ ಗುಡಿಸುವ ಚಿಕ್ಕಮ್ಮ ಪೊರಕೆ ಹಿಡಿದು ಬಾಗಿಲಲ್ಲೇ ಗಾಬರಿಯಾದಳು. “ನಾನು ಮುಟ್ಟಿಲ್ಲಮ್ಮಾ! ಕಿಟಕಿ ಕೆಳಗೆ ಬಿದ್ದಿದ್ದ ಫಾಯಿಲ್ ಚೂರು ಗುಡಿಸ್ದೆ, ಅಷ್ಟೇ.”

“ಯಾವತ್ತು?”

“ಸೋಮವಾರ ಸಂಜೆ.”

ಕಿಟಕಿ! ಸಂಚಾಲಕಿ ಅತ್ತ ನೋಡಿದಳು. ನೀಲಿ ಹಂಚಿನ ಕಟ್ಟೆ, ಅಂಚಿನಲ್ಲೊಂದು ಬಿರುಕು. ಇದೇ ಬಿರುಕನ್ನು ಈಗತಾನೇ ಎಲ್ಲೋ ಕಂಡಿದ್ದಳು— ಎಲ್ಲಿ? ತನ್ನ ಕೈಯಲ್ಲೇ!

“ಎಲ್ಲರೂ ಪುಸ್ತಿಕೆ ನೋಡಿ,” ಎಂದಳು. “ಆಗ್ಲಿಂದ ಸುಳಿವನ್ನ ಕೈಯಲ್ಲೇ ಹಿಡ್ಕೊಂಡು ನಿಂತಿದೀವಿ. ಮುಖಪುಟದಲ್ಲಿ ಎಷ್ಟು ಪ್ಲೇಟು?”

“ಎಂಟು,” ಎಂದಳು ಪಟಾಕಿ. “ಅಯ್ಯೋ! ಐದರಿಂದ ಎಂಟೂ ಇವೆ! ಫಾಯಿಲ್ ಇಲ್ಲ, ಚುಕ್ಕೆ ಇದೆ, ಇದೇ ಕಟ್ಟೆ ಮೇಲೆ, ಬಿಸಿಲಲ್ಲಿ!”

“ಅಂದ್ರೆ ನೀನು ದೀಪ ಹಾಕಿದ ಮೇಲೆ ಯಾರೋ ಬಿಚ್ಚಿದಾರೆ. ಸೋಮವಾರ ರಾತ್ರಿ ಈ ಚಿತ್ರ ಸರ್ ಫೋನಿಂದ ನನಗೆ ಬಂತು. ಸರಿಯಾಗಿ ನೋಡದೆ ಅಚ್ಚಿಗೆ ಕಳಿಸಿದ ತಪ್ಪು ನಂದು. ತೆಗೆದವರು... ನೀವೇ ಅಲ್ವಾ ಸರ್?”

ದೊಡ್ಡ ಮೇಷ್ಟ್ರ ಕನ್ನಡಕ ಜಾರಿತು. “ನಾಲ್ಕೇ ಇಟ್ರೆ ಚಿತ್ರ ಬೋಳಾಗಿ ಕಾಣ್ತಿತ್ತು... ಮೋಡ ಸರೀಲಿ ಅಂತ ಅರ್ಧ ಗಂಟೆ ಕಾದೆ. ಮತ್ತೆ ಸುತ್ತಿಟ್ಟೆನಲ್ಲ!”

ಬೆಳಕು ಡಿಎನ್ಎಯನ್ನು ಹೇಗೆ ರಿಪೇರಿ ಮಾಡುತ್ತದೆಂದು ಮೂವತ್ತು ವರ್ಷ ಪಾಠ ಹೇಳಿದವರು!

“ಅರ್ಧ ಗಂಟೆ ಬಿಸಿಲಿಗೇ ಇಷ್ಟು ಚೇತರಿಸ್ಕೊಂಡ್ವಾ?” ಪಟಾಕಿ ಕುಣಿದೇಬಿಟ್ಟಳು. “ಅಕ್ಕಾ, ಇದನ್ನೇ ತೋರಿಸ್ತೀನಿ! ಮುಖಪುಟ ಸಮೇತ!”

“ಹ್ಞೂಂ, ಭಾಷಣ ಇದೆ, ಇದೆ,” ಎಂದು ಗೊಣಗುತ್ತ ಮೇಷ್ಟ್ರು ಬಾಗಿಲಿನತ್ತ ಸರಸರನೆ ನಡೆದರು. “ನಡೀರಿ, ಹೊತ್ತಾಯ್ತು.”

ಮಗಳು ಮತ್ತೆ ಬಾಯಿ ತೆರೆದಳು. ಈ ಸಲ ತಾಯಿ “ಶ್” ಎನ್ನಲಿಲ್ಲ.

“ತಾತಾ,” ಎಂದಳು ಮಗಳು, “ಪಟಾಕಿ ಅಕ್ಕಂಗೆ ತಪ್ಪಾಯ್ತು ಅನ್ನಲ್ವಾ?”