ಹಗ್ಗ ಒಸಿ ಸಡಿಲ ಬಿಡೋ!

“ನಯನಾ, ನೀನೇ ಹೇಳಮ್ಮ... ಆಟದಿಂದ ಏನೇನು ಲಾಭ ಅಂತ ಇವರೆಲ್ಲ ಹೇಳಾಯ್ತು. ‘ರಿಸ್ಕ್’ ಏನು? ಮಂಡಿಗೆ ಪಟ್ಟಿ ಸುತ್ಕೊಂಡು ಬಂದಿರೋಳು ನೀನೊಬ್ಬಳೇ!”

ಫಿರೋಜಾ ಮೇಡಂ ಹಾಗೆಂದಿದ್ದೇ ತಡ, ಕ್ಲಾಸೆಲ್ಲ ಗೊಳ್ಳೆಂದು ನಕ್ಕಿತು.

ರಾಮನಗರದ ಐಜೂರಿನಲ್ಲಿ ಔಷಧಿ ಅಂಗಡಿಯ ಮೇಲಿನ ಮಹಡಿ. ಸಂಜೆಯ ಇಂಗ್ಲಿಷ್ ಕ್ಲಾಸು. ಅಂದಿನ ಪಾಠ ‘ಸ್ಪೋರ್ಟ್ಸ್’. ಬೋರ್ಡಿನ ಎಡಗಡೆ ‘ಬೆನಿಫಿಟ್ಸ್’ ಎಂದು ಬರೆದು ಅದರ ಕೆಳಗೆ ಸ್ಟ್ರೆಂತ್, ಸ್ಟ್ಯಾಮಿನಾ, ಟೀಮ್‌ವರ್ಕ್ ಎಂದೆಲ್ಲ ತುಂಬಿದ್ದರು. ಬಲಗಡೆ ‘ರಿಸ್ಕ್ಸ್’ ಎಂಬ ಪದದ ಕೆಳಗೆ ಮಾತ್ರ ಖಾಲಿ.

ನಯನಾ ಎದ್ದು ನಿಂತಳು. ಹಿಂದೆ ತಿರುಗಿ ನೋಡಲಿಲ್ಲ. ನೋಡುವ ಅಗತ್ಯವೇನಿತ್ತು? ಕಿಟಕಿ ಪಕ್ಕದ ಕೊನೇ ಬೆಂಚಿನಲ್ಲಿ ಅವನಿದ್ದಾನೆಂದು ಅವಳ ಬೆನ್ನಿಗೇ ಗೊತ್ತಾಗುತ್ತಿತ್ತು.

“ರಿಸ್ಕ್ ಈಸ್... ಟ್ರಸ್ಟಿಂಗ್ ದಿ ರಾಂಗ್ ಪರ್ಸನ್, ಮೇಡಂ!”

ನಂಬಬಾರದವರನ್ನು ನಂಬುವುದೇ ಅಪಾಯ!

ನಗು ನಿಂತುಹೋಯಿತು. ಕೊನೇ ಬೆಂಚಿನಿಂದ ಪೆನ್ನೊಂದು ಜಾರಿ ನೆಲಕ್ಕೆ ಬಿದ್ದ ಸದ್ದು.

“ವಾಕ್ಯ ಸರಿಯಾಗಿದೆ,” ಎಂದರು ಮೇಡಂ ಮೆಲ್ಲಗೆ. “ಉತ್ತರ ಸರೀನಾ ಅಂತ ಮಾತ್ರ ನನಗೆ ಗೊತ್ತಿಲ್ಲ.”

ಕ್ಲಾಸು ಮುಗಿದು ಮೆಟ್ಟಿಲಿಳಿಯುವಾಗ ಅವನು ಹಿಂದೆಯೇ ಬಂದ.

“ನಯನಾ... ಒಂದ್ನಿಮ್ಸ ನಿಂತ್ಕೊ. ಕಾಲು ಹೆಂಗೈತೆ?”

“ಚೆನ್ನಾಗೈತೆ ಯೋಗಾನಂದ ಅವ್ರೇ. ನೀವೇನೂ ಯೋಚ್ನೆ ಮಾಡ್ಬೇಡಿ.”

ಅವ್ರೇ! ನೀವು! ಯೋಗಾನಂದನ ಮುಖ ಕಪ್ಪಿಟ್ಟಿತು. ‘ಲೋ ಯೋಗಿ’ ಎಂದು ಬೈಯುತ್ತಿದ್ದ ಹುಡುಗಿ ಇದ್ದಕ್ಕಿದ್ದಂತೆ ಮರ್ಯಾದೆ ಕೊಡತೊಡಗಿದರೆ, ಅದಕ್ಕಿಂತ ದೊಡ್ಡ ಶಿಕ್ಷೆ ಇದೆಯೇ?

ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಅವಳು ಕುಂಟುತ್ತಲೇ ಬಸ್ ಸ್ಟ್ಯಾಂಡಿನತ್ತ ನಡೆದಳು.

*ಏನಾದ್ರೂ ಹೇಳ್ಬಾರದಿತ್ತಾ ಅವ್ನು? ಒಂದೇ ಒಂದು ಮಾತು...*

ನಡೆದಿದ್ದಿಷ್ಟು.

ನಯನಾ ಬೆಟ್ಟದ ಬುಡದ ಹುಡುಗಿ. ಅಜ್ಜಿ ಮಾಯಮ್ಮನ ಮೇಕೆಗಳ ಹಿಂದೆ ಬಂಡೆ ಹತ್ತಿ ಬೆಳೆದವಳು. ಡಿಗ್ರಿ ಮುಗಿಸಿ ಬಟ್ಟೆ ಅಂಗಡಿಯ ಬಿಲ್ಲಿಂಗ್ ಕೌಂಟರಿನಲ್ಲಿ ಕೂತಿದ್ದರೂ ಮನಸ್ಸು ಮಾತ್ರ ಬಂಡೆಯ ಮೇಲೆ. ಬೆಟ್ಟದ ಕೆಳಗಿನ ಸಾಹಸ ಶಿಬಿರದಲ್ಲಿ ಹತ್ತುವುದನ್ನು ಹೇಳಿಕೊಡುವವರು ಬೇಕಾಗಿದ್ದಾರೆಂದು ತಿಳಿದಾಗ ಅವಳು ಕುಣಿದಾಡಿದ್ದಳು. ಅಲ್ಲಿಯವರೆಗೆ ಆ ಕೆಲಸಕ್ಕೆ ಒಬ್ಬ ಹೆಂಗಸೂ ಸೇರಿರಲಿಲ್ಲ. ಬಂಡೆ ಹತ್ತಿ ತೋರಿಸಬೇಕು. ಬಂದ ಅತಿಥಿಗಳಿಗೆ ಇಂಗ್ಲಿಷಿನಲ್ಲಿ ಲಾಭ, ಅಪಾಯ ಎರಡನ್ನೂ ವಿವರಿಸಬೇಕು. ಇಂಗ್ಲಿಷ್ ಕ್ಲಾಸಿಗೆ ಸೇರಿದ್ದೂ ಅದಕ್ಕೇ.

ಯೋಗಾನಂದ, ಫಿರೋಜಾ ಮೇಡಂ ಅವರ ತಂದೆ ಜಬ್ಬಾರ್ ಸಾಬರ ಯೂನಿಟ್ಟಿನಲ್ಲಿ ರೇಷ್ಮೆ ಗೂಡಿನಿಂದ ನೂಲು ತೆಗೆಯುವವನು. ಭಾನುವಾರ ಬಂತೆಂದರೆ ಬೆಟ್ಟ. ಅವಳು ಹತ್ತುವಾಗ ಕೆಳಗೆ ನಿಂತು ಹಗ್ಗ ಹಿಡಿಯುವವನು ಅವನೇ. ಬಂಡೆಗೆ ಅಲ್ಲಲ್ಲಿ ಬೋಲ್ಟ್ ಹೊಡೆದಿರುತ್ತಾರೆ. ಹತ್ತುತ್ತಾ ಹತ್ತುತ್ತಾ ಸೊಂಟದ ಹಗ್ಗವನ್ನು ಎಳೆದುಕೊಂಡು ಒಂದೊಂದೇ ಬೋಲ್ಟಿಗೆ ಸಿಕ್ಕಿಸಬೇಕು. ಮೇಲಿನವಳು ‘ಸ್ಲ್ಯಾಕ್’ ಎಂದು ಕೂಗಿದರೆ ಕೆಳಗಿನವನು ಹಗ್ಗ ಸಡಿಲ ಬಿಡಬೇಕು. ‘ಟೇಕ್’ ಎಂದರೆ ಬಿಗಿ ಹಿಡಿಯಬೇಕು.

ಆಯ್ಕೆಯ ದಿನ, ಮೂರನೇ ಬೋಲ್ಟಿನ ಹತ್ತಿರ ನಯನಾ ಒಂದು ಕೈಯಲ್ಲಿ ಬಂಡೆ ಹಿಡಿದು, ಇನ್ನೊಂದು ಕೈಯಲ್ಲಿ ಹಗ್ಗ ಎಳೆದಳು. ಬರಲಿಲ್ಲ.

“ಸ್ಲ್ಯಾಕ್!” ಎಂದಳು. ಹಗ್ಗ ಬಿಗಿಯಾಗಿಯೇ ಇತ್ತು.

“ಸ್ಲ್ಯಾಕ್! ಹಗ್ಗ ಒಸಿ ಸಡಿಲ ಬಿಡೋ!”

ಇಲ್ಲ! ಬೆರಳು ಜಾರಿತು. ಬಿದ್ದಳು... ಹಗ್ಗ ಹಿಡಿದು ನಿಲ್ಲಿಸಿತು, ಆದರೆ ಮಂಡಿ ಬಂಡೆಗೆ ಬಡಿದು ರಕ್ತ ಬಂತು. ಕೆಲಸ ಕೈ ತಪ್ಪಿತು.

ಹಿಂದಿನ ದಿನವಷ್ಟೇ ಅವನು, “ನಿಂಗೆ ಈ ಕೆಲ್ಸ ಬೇಕೇ ಬೇಕಾ? ಬಿದ್ಗಿದ್ರೆ ಏನ್ ಗತಿ?” ಎಂದಿದ್ದ. ಅದೂ ಇದೂ ಸೇರಿ ಅವಳಿಗೆ ಒಂದೇ ಅರ್ಥ ಹೊಳೆದಿತ್ತು. *ಬೇಕೂ ಅಂತ್ಲೇ ಬಿಗಿ ಹಿಡಿದ!*

“ಅವ್ನು ಬೀಳುಸ್ದ ಅಂತೀಯಲ್ಲ,” ಎಂದಳು ಅಜ್ಜಿ ಮಾಯಮ್ಮ, ಕ್ಲಾಸಿನಿಂದ ಮನೆಗೆ ಬಂದವಳ ಮಂಡಿಗೆ ಎಣ್ಣೆ ತಿಕ್ಕುತ್ತಾ. “ಬಿದ್ದಾಗ ಹಿಡ್ಕಂಡೋನೂ ಅವ್ನೇ ಅಲ್ವೇನವ್ವ?”

“ನಿಂಗೇನಜ್ಜಿ ಗೊತ್ತು? ನಮ್ಮ ಹಗ್ಗ ಕಂಡ್ರೆ ತುಳ್ಕೊಂಡೇ ಹೋಗೋಳು ನೀನು! ಹಗ್ಗ ತುಳೀಬಾರ್ದು, ಒಳಗಿನ ಎಳೆ ಕಲ್ಲಿಗೆ ತರಚಿ ಹಾಳಾಗ್ತದೆ ಅಂತ ಎಷ್ಟ್ ಸಲ ಹೇಳಿವ್ನಿ?”

“ಅಯ್ಯೋ ಹೋಗೇ! ನಿಮ್ಮ ಹಗ್ಗ ಏನ್ ದ್ಯಾವರಾ, ತುಳೀದೆ ಕೈ ಮುಗಿಯಕ್ಕೆ?”

ನಯನಾಗೆ ಸಿಟ್ಟಿನ ನಡುವೆಯೂ ನಗು ಬಂತು. ಆದರೆ ಅಜ್ಜಿಯ ಮಾತು ಮಾತ್ರ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು.

ಮಂಡಿ ಮಾಯಿತು. ಶಿಬಿರದ ಮುಖ್ಯಸ್ಥ ಮುನಿಶಾಮಯ್ಯ ಫೋನ್ ಮಾಡಿದರು. “ನೋಡಮ್ಮ, ನೀನು ಬಿದ್ದ ರೀತಿ ನಂಗೆ ಸರಿ ಕಾಣ್ಲಿಲ್ಲ. ಮುಂದಿನ ಭಾನುವಾರ ಇನ್ನೊಂದ್ಸಲ ಬಾ. ಅದೇ ಕೊನೆ. ಹಗ್ಗ ಹಿಡಿಯೋಕೆ ನಿಂಗೆ ನಂಬಿಕೆ ಇರೋರ್ನ ಕರ್ಕೊಂಬಾ.”

ನಂಬಿಕೆ ಇರುವವರು... ಯಾರು?

ಆ ಸಂಜೆ ಕ್ಲಾಸಿನಲ್ಲಿ ಕೊನೇ ಬೆಂಚು ಖಾಲಿಯಿತ್ತು. ಮರುದಿನವೂ ಅಷ್ಟೇ.

“ಅವನು ಇನ್ನು ಬರಲ್ವಂತೆ,” ಎಂದರು ಫಿರೋಜಾ ಮೇಡಂ. “ಯಾಕೆ ಅಂತ ಕೇಳಿದ್ರೆ ಬಾಯಿ ಬಿಡಲ್ಲ. ನಿಂಗೆ ಗೊತ್ತಿರಬೇಕಲ್ಲ?”

“ನಂಗೇನ್ ಗೊತ್ತು ಮೇಡಂ!”

“ಹಾಗಾದ್ರೆ ಹೋಗಿ ಕೇಳು. ನಮ್ಮ ಯೂನಿಟ್ ಏನು ಲಂಡನ್ನಿನಲ್ಲಿದ್ಯಾ? ರೈಲ್ವೆ ಗೇಟ್ ದಾಟಿದ್ರೆ ಸಿಗುತ್ತೆ!”

ಹೋದಳು.

ಕುದಿಯುವ ನೀರಿನ ಹಬೆ, ಬೆಂದ ಗೂಡಿನ ವಾಸನೆ, ತಿರುಗುವ ಚಕ್ರಗಳ ಗಿರ್ರೆನ್ನುವ ಸದ್ದು. ತೊಟ್ಟಿಯ ಮುಂದೆ ಯೋಗಾನಂದ ಬಗ್ಗಿ ನಿಂತಿದ್ದ. ಬಿಸಿನೀರಿನಲ್ಲಿ ತೇಲುವ ಗೂಡುಗಳಿಂದ ಕಣ್ಣಿಗೂ ಕಾಣದಷ್ಟು ಸಣ್ಣ ಎಳೆಗಳು ಎದ್ದು ಚಕ್ರಕ್ಕೆ ಸುತ್ತಿಕೊಳ್ಳುತ್ತಿದ್ದವು. ಅವನು ಪಕ್ಕದವನ ಜೊತೆ ಮಾತಾಡುತ್ತಿದ್ದ, ನೋಟ ಬೇರೆಲ್ಲೋ. ಆದರೂ ಎಳೆ ಒಂದಿಷ್ಟು ಸಡಿಲವಾದರೆ ಸಾಕು, ಬೆರಳುಗಳು ತಾವೇ ಹೋಗಿ ಬಿಗಿ ಮಾಡುತ್ತಿದ್ದವು.

ನಯನಾ ಬಾಗಿಲಲ್ಲೇ ನಿಂತುಬಿಟ್ಟಳು.

*ಅಯ್ಯೋ... ಈ ಕೈಗೆ ಸಡಿಲ ಬಿಡೋದೇ ಗೊತ್ತಿಲ್ಲ!*

ಅವಳನ್ನು ಕಂಡು ಅವನು ಒದ್ದೆ ಕೈ ಒರೆಸಿಕೊಳ್ಳುತ್ತಾ ಹೊರಬಂದ. ಬಿಸಿನೀರಿಗೆ ಬೆರಳ ತುದಿಗಳು ಬೆಳ್ಳಗೆ ಸುಕ್ಕಾಗಿದ್ದವು.

“ನಂಗೆ ಈಗ ಗೊತ್ತಾಯ್ತು ಬುಡಿ,” ಎಂದಳು ಅವಳು. “ದಿನಾ ಎಳೆ ಬಿಗಿ ಹಿಡಿಯೋ ಕೈ ಅದು. ಹಗ್ಗಾನೂ ಹಂಗೇ ಹಿಡ್ದುಬುಟ್ರಿ. ಅಭ್ಯಾಸ. ಅಷ್ಟೇ ತಾನೇ?”

ಒಂದು ‘ಹೂಂ’ ಸಾಕಿತ್ತು. ಎಲ್ಲ ಸರಿಹೋಗುತ್ತಿತ್ತು. ಅವಳೇ ಬಾಗಿಲು ತೆರೆದುಕೊಟ್ಟಿದ್ದಳಲ್ಲ!

“ಅಲ್ಲ,” ಎಂದ ಯೋಗಾನಂದ.

“ಏನು?”

“ಅಭ್ಯಾಸ ಅಂದ್ರೆ ಸುಳ್ಳಾಗ್ತದೆ ನಯನಾ. ನೀನು ಸ್ಲ್ಯಾಕ್ ಅಂದಿದ್ದು ಕೇಳುಸ್ತು. ಎರಡು ಸಲಾನೂ ಕೇಳುಸ್ತು. ಕೈ ಬಿಚ್ಚಲಿಲ್ಲ. ಆ ನುಣುಪು ಬಂಡೇಲಿ ಸಡಿಲ ಬುಟ್ರೆ ಎಲ್ಲಿ ಬಿದ್ದೋಯ್ತಾಳೋ ಅಂತ ಹೆದ್ರುಕೊಂಡೆ... ಹೆದ್ರಿ ಬಿಗಿ ಹಿಡ್ದಿದ್ಕೇ ನೀನು ಬಿದ್ದೆ. ಯಾವ ಮುಖ ಇಟ್ಕೊಂಡು ಕ್ಲಾಸಿಗೆ ಬರ್ಲಿ?”

“ಎಷ್ಟೋ ಜನಕ್ಕೆ ಹಗ್ಗ ಹಿಡ್ದಿದೀರ. ಯಾರ ವಿಷ್ಯಕ್ಕೂ ಇಲ್ದಿರೋ ಹೆದರಿಕೆ ನನ್ ವಿಷ್ಯಕ್ಕೆ ಯಾಕೆ?”

ಅವನು ನೆಲ ನೋಡಿದ. “ಬೇರೆಯವ್ರು ಹತ್ತುವಾಗ ಹೆದರಿಕೆ ಆಗಲ್ಲ.”

ಒಳಗಿನ ಚಕ್ರಗಳ ಸದ್ದೆಲ್ಲ ಒಮ್ಮೆಲೇ ದೂರ ಹೋದಂತಾಯಿತು ನಯನಾಗೆ. ಕೆನ್ನೆ ಬಿಸಿಯಾಯಿತು. ಹಬೆಯಿಂದಲ್ಲ...

ಸಿಟ್ಟು ಎಲ್ಲಿ ಹೋಯಿತು? ಹುಡುಕಿದಳು, ಸಿಗಲಿಲ್ಲ. ಆದರೆ ಅವಳು ನಯನಾ! ಅಷ್ಟು ಸುಲಭಕ್ಕೆ ಕರಗಿ ತೋರಿಸುವವಳೇ?

“ಭಾನುವಾರ ಮತ್ತೆ ಟೆಸ್ಟ್ ಐತೆ. ಹಗ್ಗ ನೀವೇ ಹಿಡೀಬೇಕು.”

“ಬ್ಯಾಡ ಕಣೇ! ಇನ್ನೊಬ್ರು ಯಾರ್ನಾದ್ರೂ...”

“ಸುಳ್ಳು ಹೇಳಿ ಪಾರಾಗೋ ದಾರಿ ಇದ್ರೂ ನಿಜ ಹೇಳಿದ್ರಲ್ಲ? ನಂಗೆ ಅಂಥೋರೇ ಬೇಕು. ನಾಳೆ ಕೆಲ್ಸ ಮುಗುಸ್ಕೊಂಡು ಸಣ್ಣ ಬಂಡೆ ಹತ್ರ ಬನ್ನಿ. ಹೆದರಿಕೆ ಆದ್ರೆ ಬಾಯ್ ಬಿಟ್ಟು ಹೇಳಿ. ನಂಗೂ ಆಗ್ತದೆ, ನಾನೂ ಹೇಳ್ತೀನಿ.”

ಆ ವಾರವೆಲ್ಲ ಸಣ್ಣ ಬಂಡೆಯ ಹತ್ತಿರ ಒಂದೇ ಗದ್ದಲ. “ಸ್ಲ್ಯಾಕ್!” “ಬುಟ್ಟೆ!” “ಇನ್ನೂ ಒಸಿ!” “ತಗೋ!” “ಏನ್ ಹಗ್ಗ ಬಿಡ್ತೀರೋ ಹಸು ಕಟ್ತೀರೋ?” ಮೊದಮೊದಲು ಅವನು ಹಗ್ಗವನ್ನು ಅಂಗುಲ ಅಂಗುಲವಾಗಿ ಬಿಡುತ್ತಿದ್ದ. “ಹೆದರಿಕೆ ಆಗ್ತೈತೆ,” ಎನ್ನುತ್ತಿದ್ದ. “ಆಗ್ಲಿ, ಹಗ್ಗ ಬಿಡಿ,” ಎನ್ನುತ್ತಿದ್ದಳು. ಶನಿವಾರದ ಹೊತ್ತಿಗೆ ಅವಳು ಕೈ ಚಾಚುವ ಮೊದಲೇ ಹಗ್ಗ ಬರತೊಡಗಿತ್ತು.

ಭಾನುವಾರ ಬೆಳಿಗ್ಗೆ. ಬಂಡೆಯ ಬುಡದಲ್ಲಿ ಬೇರೆ ಊರಿನ ಕಾಲೇಜು ಹುಡುಗ ಹುಡುಗಿಯರ ಗುಂಪು. ಫಿರೋಜಾ ಮೇಡಂ ಕೂಡ ಶಿಷ್ಯೆಯ ಇಂಗ್ಲಿಷ್ ಕೇಳಲು ಬಂದಿದ್ದರು. ಮಾಯಮ್ಮ ಮೇಕೆಗಳೊಂದಿಗೆ ಹುಣಸೆ ಮರದಡಿ ಕೂತಿದ್ದಳು.

ನಯನಾ ಗುಂಪಿನ ಮುಂದೆ ನಿಂತಳು. ಇದು ಅವಳ ಬೆಟ್ಟ!

“ಗುಡ್ ಮಾರ್ನಿಂಗ್! ಕ್ಲೈಂಬಿಂಗ್ ಮೇಕ್ಸ್ ಯುವರ್ ಬಾಡಿ ಸ್ಟ್ರಾಂಗ್ ಅಂಡ್ ಯುವರ್ ಮೈಂಡ್ ಕ್ವಯಟ್. ಬಟ್ ಯು ಕೆನ್ ಫಾಲ್. ಐ ಫೆಲ್.” ಪ್ಯಾಂಟು ಮಡಚಿ ಮಂಡಿಯ ಗಾಯದ ಗುರುತು ತೋರಿಸಿದಳು.

“ಅಷ್ಟೇನಾ ರಿಸ್ಕು?” ಎಂದರು ಮುನಿಶಾಮಯ್ಯ.

“ನೋ ಸರ್. ವನ್ ಮೋರ್.” ಅವಳ ಕಣ್ಣು ಯೋಗಾನಂದನ ಕಡೆ ಹೊರಳಿತು. “ದಿ ಪರ್ಸನ್ ಹೋಲ್ಡಿಂಗ್ ಯುವರ್ ರೋಪ್ ಕೆನ್ ಆಲ್ಸೋ ಬಿ ಅಫ್ರೇಡ್. ಸೋ... ಟಾಕ್ ಟು ಹಿಮ್ ಬಿಫೋರ್ ಯು ಕ್ಲೈಂಬ್.”

ನಿಮ್ಮ ಹಗ್ಗ ಹಿಡಿದವರಿಗೂ ಭಯ ಇರುತ್ತದೆ. ಹತ್ತುವ ಮೊದಲು ಅವರ ಜೊತೆ ಮಾತಾಡಿ!

ಫಿರೋಜಾ ಮೇಡಂ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡರು. ಪಾಠದಲ್ಲಿ ಅವರು ಇದನ್ನು ಹೇಳಿಕೊಟ್ಟಿರಲಿಲ್ಲ.

ಹತ್ತತೊಡಗಿದಳು. ಒಂದು ಬೋಲ್ಟು. ಎರಡು. ಮೂರನೆಯದು ಬಂತು. ಅದೇ ಜಾಗ, ಅದೇ ನುಣುಪು ಬಂಡೆ.

“ಯೋಗಿ! ಹೆದರಿಕೆ ಆಗ್ತೈತೆ!”

“ನಂಗೂನೂ!” ಕೆಳಗಿನಿಂದ ದನಿ ಬಂತು. “ಹಗ್ಗ ಐತೆ, ಹತ್ತು!”

“ಸ್ಲ್ಯಾಕ್!”

ಬಂತು. ನೀರಿನಂತೆ ಹರಿದು ಬಂತು ಹಗ್ಗ. ಟಕ್ ಎಂದು ಸಿಕ್ಕಿಸಿದಳು. ಮುಂದಿನದೆಲ್ಲ ಅವಳ ಕಾಲಿಗೆ ಗೊತ್ತಿದ್ದ ದಾರಿ. ತುದಿ ಮುಟ್ಟಿದಾಗ ಕೆಳಗೆ ಚಪ್ಪಾಳೆಯೋ ಚಪ್ಪಾಳೆ!

“ಸೋಮವಾರ ಬಂದು ಯೂನಿಫಾರ್ಮಿಗೆ ಅಳತೆ ಕೊಡಮ್ಮ!” ಮುನಿಶಾಮಯ್ಯ ಕೈಗಳನ್ನು ಬಾಯಿಗೆ ಅಡ್ಡ ಹಿಡಿದು ಕೂಗಿ, ಗುಂಪನ್ನು ಪಕ್ಕದ ಬಂಡೆಯತ್ತ ಕರೆದೊಯ್ದರು.

ಯೋಗಾನಂದ ಅವಳನ್ನು ನಿಧಾನವಾಗಿ ಇಳಿಸತೊಡಗಿದ. ನೆಲಕ್ಕೆ ಇನ್ನೊಂದು ಗೇಣು ಇದೆ ಎನ್ನುವಾಗ ಅವಳು ಕೂಗಿದಳು.

“ಸ್ಟಾಪ್!”

ನಿಲ್ಲಿಸಿದ. ಗಾಳಿಯಲ್ಲಿ ತೂಗುತ್ತಾ ಅವಳ ಮುಖ ಅವನ ಮುಖದ ಎದುರಿಗೆ ಬಂತು.

“ಈಗ ಹೇಳೋ.”

“ಏ... ಏನು?”

“ಅವತ್ತು ಬಾಗ್ಲಲ್ಲಿ ಅರ್ಧ ಹೇಳಿ ನುಂಗ್ಕೊಂಡ್ಯಲ್ಲ, ಅದು. ನಿನ್ ಕೈ ಹಗ್ಗದ ಮೇಲೈತೆ, ಬಿಟ್ಟು ಓಡೋಗಕ್ಕಾಗಲ್ಲ. ಹೇಳು!”

‘ಹೇಳೋ’ ಎಂದಳು! ‘ನೀನು’ ಎಂದಳು! ಯೋಗಾನಂದನ ಕಣ್ಣು ತುಂಬಿ ಬಂತು. ಒರೆಸಿಕೊಳ್ಳೋಣವೆಂದರೆ ಕೈ ಖಾಲಿಯಿಲ್ಲ.

“ನೀನಂದ್ರೆ ನಂಗೆ ಪ್ರಾಣ ಕಣೇ. ನಿನ್ನ ಕೆಲ್ಸಕ್ಕೆ ಯಾವತ್ತೂ ಅಡ್ಡ ಬರಲ್ಲ. ಹೆದರಿಕೆ ಮಾತ್ರ... ಅದು ಹೋಗಲ್ಲ ಅನ್ಸುತ್ತೆ.”

“ಇರ್ಲಿ ಬುಡೋ,” ಎಂದಳು ನಯನಾ. ಅವಳ ದನಿಯೂ ಒದ್ದೆಯಾಗಿತ್ತು. “ನಂಗೂ ಹೋಗಲ್ಲ. ಆದ್ರೂ ನಿನ್ ಬಿಟ್ಟು ಇನ್ಯಾರ ಕೈಗೂ ನನ್ ಹಗ್ಗ ಕೊಡಲ್ಲ.”

“ಹಂಗಾದ್ರೆ... ಹೂಂ ಅಂತಾನಾ?”

“ಹೂಂ ಅಂತಾನೇ! ಮೊದ್ಲು ಕೆಳಕ್ಕೆ ಇಳ್ಸೋ, ಅಜ್ಜಿ ಬತ್ತಾವ್ಳೆ!”

ಅವನು ಹಗ್ಗ ಬಿಟ್ಟ. ಅವಳ ಪಾದ ಮೆತ್ತಗೆ ನೆಲ ಮುಟ್ಟಿತು.

ಹುಣಸೆ ಮರದ ಕಡೆಯಿಂದ ಮಾಯಮ್ಮ ಬಂದಳು. ನೆಲದ ಮೇಲೆ ಸುರುಳಿ ಬಿದ್ದಿದ್ದ ಹಗ್ಗದ ಮುಂದೆ ಒಂದು ಕ್ಷಣ ನಿಂತಳು. ಇಬ್ಬರ ಮುಖವನ್ನೂ ನೋಡಿದಳು. ಆಮೇಲೆ ಸೀರೆಯ ನೆರಿಗೆ ಎತ್ತಿ ಹಿಡಿದು, ಹಗ್ಗಕ್ಕೆ ಕಾಲು ತಾಗದಂತೆ ದೊಡ್ಡ ಹೆಜ್ಜೆ ಇಟ್ಟು ಆಚೆ ದಾಟಿದಳು.

ಅವಳ ಹಿಂದೆ ಬಂದ ಮೇಕೆ ಮಾತ್ರ ಹಗ್ಗವನ್ನು ತುಳಿದುಕೊಂಡೇ ಹೋಯಿತು.