ಕಪ್ಪಾಗಿ ಬಂದ ಗಿಟಾರ

ಟ್ರಂಕಿನ ಮುಚ್ಚಳ ಎತ್ತಿದ ಸೂರ್ಯಕಾಂತ ಹಾಗೇ ನಿಂತುಬಿಟ್ಟ. ಒಳಗೆ ಒಡೆದ ಗಿಟಾರ ಇರಬೇಕಿತ್ತು. ಇದ್ದದ್ದು ಇಡಿಯ ಗಿಟಾರ.

ಹೈದರಾಬಾದಿನಲ್ಲಿ ಓದುವಾಗ ಅವನು ಕೊಂಡ ಕರೆಂಟಿನ ಗಿಟಾರ ಅದು. ಬಣ್ಣ ಕೆಂಪು. ಅದರ ವಾಯರನ್ನು ರೇಡಿಯೊದ ಬೆನ್ನಿಗೆ ಸಿಕ್ಕಿಸಿದರೆ ನಾದ ರೇಡಿಯೊದಿಂದ ಬರುತ್ತಿತ್ತು. ಹೋದ ತಿಂಗಳು ಒಂದು ಮಧ್ಯಾಹ್ನ ಅದು ಪಡಸಾಲೆಯಲ್ಲಿ ಬಿದ್ದಿತ್ತು—ಮೂಲೆ ಮುರಿದು, ಮೈ ಬಿರುಕುಬಿಟ್ಟು. ಸದ್ದು ಕಂಡರಾಗದ ಅಣ್ಣ ಜಗದೇವಪ್ಪನೇ ಒಡೆದನೆಂದು ಜಗಳಾಡಿ, ಮುರಿದದ್ದನ್ನು ಟ್ರಂಕಿನಲ್ಲಿ ಹಾಕಿಟ್ಟು, ಸೂರ್ಯಕಾಂತ ನಿಲಂಗದ ಗೆಳೆಯನ ಮನೆ ಸೇರಿದ. ಈಗ ಮರಳಿದ್ದು ಪಾಲು ಕೇಳಲಿಕ್ಕೆ. ಸಂಜೆ ಪಂಚರು ಬರುವವರಿದ್ದರು. ಉದಗೀರದ ಆ ಅರಿವೆ ಅಂಗಡಿಯ ಮನೆ ಅಂದೇ ಎರಡಾಗುವುದಿತ್ತು.

ಅದೇ ಮನೆಯ ಮಾಳಿಗೆಯಲ್ಲಿ ನಾನೂ ಲಲಿತಾಬಾಯಿಯೂ ಬಾಡಿಗೆಗಿದ್ದೆವು. ಇಬ್ಬರೂ ಹೆಣ್ಣುಮಕ್ಕಳ ಶಾಲೆಯ ಶಿಕ್ಷಕಿಯರು. ಪ್ರಶ್ನೆ ಕೇಳುವುದು ಆಕೆಯ ಸ್ವಭಾವ, ಪಕ್ಕದಲ್ಲಿ ಸುಮ್ಮನೆ ನಿಲ್ಲುವುದು ನನ್ನದು. ಗದ್ದಲ ಕೇಳಿ ಕೆಳಗಿಳಿದೆವು.

"ಒಡದಂವಾನೇ ಬಣ್ಣಾ ಹಚ್ಚಿ ನನ್ನ ಬಾಯಿ ಮುಚ್ಚಸ್ಲಿಕ್ಕ ನೋಡ್ಲಿಕ್ಕತ್ಯಾನ," ಎಂದ ಸೂರ್ಯಕಾಂತ.

"ನಾ ಒಡದಿಲ್ಲ, ಹಚ್ಚಿಲ್ಲ," ಎಂದ ಜಗದೇವಪ್ಪ. ಅಷ್ಟೇ. ಮೊದಲ ದಿನವೂ ಅವನು ಅಷ್ಟೇ ಹೇಳಿದ್ದನಂತೆ. ಎರಡನೆಯ ಮಾತು ಆಡಿದರೆ ಕೀಳಾಗುತ್ತೇನೆ ಎನ್ನುವ ಜಾತಿ ಅವನದು.

ನಾನು ಗಿಟಾರ ನೋಡುತ್ತಿದ್ದೆ. ಕೆಂಪು ಎಲ್ಲಿಯೂ ಇರಲಿಲ್ಲ. ಅಂಥ ಕಪ್ಪನ್ನು ನಾನು ಕಂಡಿರಲೇ ಇಲ್ಲ—ತುಂಬಿದ ಬಾವಿಗೆ ಬಗ್ಗಿದಂತೆ ನನ್ನ ಮುಖ ಅದರ ಆಳದಲ್ಲಿ ಕಂಡಿತು. ಬಿರುಕು ಎಲ್ಲಿತ್ತು? ಬೆರಳಾಡಿಸಿದೆ. ಬೆರಳಿಗೂ ಸಿಗಲಿಲ್ಲ.

ಲಲಿತಾಬಾಯಿ ಮಾತ್ರ ಗಿಟಾರದ ಮೂಲೆ ಮುಟ್ಟಿ ಸೂರ್ಯಕಾಂತನನ್ನು ಕೇಳಿದಳು. "ಮುರದ ತುಣಕು ಎಲ್ಲಿ ಇಟ್ಟಿದ್ದಿ?"

"ಸಿಗಲೇ ಇಲ್ರಿ ಬಾಯಾರ. ಮನಿ ತುಂಬ ಹುಡುಕದೆ. ಹೆಗಲ ಪಟ್ಟಾ ಸಿಗಸೋ ಹಿತ್ತಾಳಿ ಗುಂಡಿ ಅದರಾಗೇ ಇತ್ತು."

ಆ ಗುಂಡಿ ಈಗ ಅದೇ ಮೂಲೆಯಲ್ಲಿತ್ತು, ಅಂಚಿನ ಹಳೆಯ ಸವಕಳಿಯ ಸಮೇತ.

ಗಾಡಿಗಳಿಗೆ ಬಣ್ಣ ಹಚ್ಚುವ ಧೂಳಪ್ಪನನ್ನು ಕರೆಸಿದರು. ಅವನು ಮೂಸಿ ನೋಡಿ ನಕ್ಕ. ತಾನು ಹಚ್ಚಿದ್ದರೆ ಓಣಿಯೆಲ್ಲ ಟರ್ಪಂಟೈನ್ ನಾರುತ್ತಿತ್ತಂತೆ. "ಇದು ಮಠದಂಗ ವಾಸನಿ ಬರ್ತದ ನೋಡ್ರಿ," ಎಂದ. ಹೋಗುವಾಗ, ಹಚ್ಚಿದವರು ಸಿಕ್ಕರೆ ಅವರ ಕಾಲು ಹಿಡಿಯುತ್ತೇನೆಂದೂ ಹೇಳಿಹೋದ.

ಲಲಿತಾಬಾಯಿ ನನ್ನತ್ತ ತಿರುಗಿದಳು. "ಮುಂಜಾನಿ ಅತ್ತಿ ಪೂಜಾ ಮಾಡೋದು ನೋಡಿದ್ಯಲ್ಲ? ಲಿಂಗ ಎಲ್ಲಿತ್ತು?"

ಅತ್ತಿ ಎಂದರೆ ಕಸ್ತೂರಬಾಯಿ, ಅಣ್ಣತಮ್ಮಂದಿರ ಸೋದರತ್ತೆ. ಗಂಡ ತೀರಿದ ಮೇಲೆ ಈ ಮನೆಯೇ ಆಕೆಗೆ ಆಸರೆ.

"ತಾಟಿನಾಗ," ಎಂದೆ. "ಬಿಲ್ವಪತ್ರಿ ಮ್ಯಾಲ."

ಹೇಳಿದ ಮೇಲೆ ನನಗೇ ಹೊಳೆಯಿತು. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡೇ ಪೂಜಿಸುತ್ತೇವೆ. ಜ್ವರ ಬಂದರೂ ಅತ್ತಿ ಅದನ್ನು ಬಿಟ್ಟವಳಲ್ಲ. ಇಂದೇಕೆ ತಾಟು?

ಕಸ್ತೂರಬಾಯಿ ಅಡುಗೆಮನೆಯ ಬಾಗಿಲಲ್ಲೇ ಇದ್ದಳು. ಎಡಗೈ ಸೆರಗಿನೊಳಗಿತ್ತು.

"ತೋರಸ್ರಿ ಅತ್ತಿ," ಎಂದಳು ಲಲಿತಾಬಾಯಿ, ಮೆಲ್ಲಗೆ.

ಅಂಗೈ ತುಂಬ ಗುಳ್ಳೆ. ಕೆಲವು ಒಡೆದಿದ್ದವು.

"ಇದು ಬಿಬ್ಬಾ ಸುಟ್ಟ ಗಾಯ," ಎಂದಳು ಲಲಿತಾಬಾಯಿ. "ಅಗಸರು ಬಟ್ಟಿಗಿ ಗುರುತು ಹಾಕ್ತಾರಲ್ಲ, ಆ ಕಾಯಿ. ಅದರ ಎಣ್ಣಿ, ಅರಗು, ವಿಭೂತಿ, ಗುಗ್ಗಳ—ಲಿಂಗದ ಮ್ಯಾಲಿನ ಕರಿ ಕವಚ, ಅದೇ ಕಂತಿ, ಇದರಿಂದಾನೇ ಆಗ್ತದ. ಗಿಟಾರದ ಮೈಗಿ ಇವರು ಕಂತಿ ಕಟ್ಯಾರ. ಮುದ್ದಿ ಕಲ್ಲಿನ ಮ್ಯಾಲ ನಾದಿದ್ರ ಕೈ ಉಳೀತಿತ್ತು. ಆದ್ರ ಕಂತಿ ಅಂದ ಕೂಡಲೆ ಇವರಿಗಿ ಎಡ ಅಂಗೈನೇ ನೆನಪಾಗ್ಯಾದ. ಇನ್ನ ತುಣಕು—ಎಲ್ಲಾರಕಿಂತ ಮೊದಲ ಅಲ್ಲಿ ಇದ್ದವರಿಗೇ ಅದು ಸಿಗಬೇಕು. ಒಡದದ್ದೂ ಇವರ ಕೈಯಾಗೇ."

ಕಸ್ತೂರಬಾಯಿ ಗೋಡೆಗೊರಗಿ ಕುಳಿತಳು.

ನಂತರ ಆಕೆಯೇ ಬಿಡಿಬಿಡಿಯಾಗಿ ಹೇಳಿದಳು. ಹೆದರಿ ತುಣುಕು ಸೆರಗಿನಲ್ಲಿ ಕಟ್ಟಿಕೊಂಡು ಒಳಗೆ ಹೋದಳು, ಹೊರಬರುವಷ್ಟರಲ್ಲಿ ಜಗಳ ಹತ್ತಿತ್ತು. ಆಗ ನಾಲಿಗೆ ಏಳಲಿಲ್ಲ. ಹುಡುಗ ನಿಲಂಗಕ್ಕೆ ಹೋದಮೇಲೆ ತಾಯಿಯ ತವರು ವಲಾಂಡಿಯಲ್ಲಿ ಅಜ್ಜ ಮಾಡುತ್ತಿದ್ದ ಕಂತಿ ನೆನಪಾಯಿತು. ಹಿತ್ತಲಲ್ಲಿ ಅರಗು ಕಾಸಿ ತುಣುಕು ಕೂಡಿಸಿದಳು. ಬಿರುಕಿಗೆ ಮರದ ಪುಡಿ ತುಂಬಿ ತಿಕ್ಕಿದಳು. ಪದರದ ಮೇಲೆ ಪದರ ಹಚ್ಚಿ ಕಡೆಗೆ ವಿಭೂತಿಯಿಂದ ಉಜ್ಜಿದಳು. ಗಿಟಾರ ಇಡಿಯಾದರೆ ಮನೆಯೂ ಇಡಿಯಾಗುತ್ತದೆ ಎಂದುಕೊಂಡಿದ್ದಳಂತೆ.

"ಆದ್ರ ನೀ ಅದನ್ನ ಎತ್ತಿದ್ದಾದ್ರೂ ಯಾಕತ್ತಿ?" ಸೂರ್ಯಕಾಂತನ ದನಿ ಇಳಿದಿತ್ತು.

"ಏಕತಾರಿಗಿ ಬುರುಡಿ ಇರ್ತದ. ಸಿತಾರಕ್ಕೂ ಇರ್ತದ. ಇದು ಬರೇ ಹಲಗಿ. ಒಳಗ ಟೊಳ್ಳೇ ಇಲ್ಲ. ನಾದ ಎಲ್ಲಿ ಕುಂತದ ಅಂತ ತಿರುವಿ ನೋಡದೆ, ಕೈ ಜಾರ್ತು."

ಜಗದೇವಪ್ಪ ಎದ್ದ. ಅತ್ತಿಯ ಕೈಗೆ ಬೆಣ್ಣೆ ತರಲು ಹೆಂಡತಿಗೆ ಹೇಳಿದ. ಪಂಚರು ಬರುವುದು ಬೇಡವೆಂದು ಆಳನ್ನು ಓಡಿಸಿದ. ಆಮೇಲೆ ತಾನೇ ಗಿಟಾರದ ವಾಯರು ಸಿಕ್ಕಿಸಿ ರೇಡಿಯೊದ ಗುಂಡಿ ತಿರುವಿ, ತಮ್ಮನ ಮುಖ ನೋಡದೆಯೇ ಅಂದ: "ಬಾರಸು. ಆಕಿ ಕೇಳ್ಲಿ."

ಸೂರ್ಯಕಾಂತ ಒಂದೇ ತಂತಿ ಮೀಟಿದ. ಕೋಣೆ ತುಂಬಿತು. ನಾವೆಲ್ಲ ರೇಡಿಯೊ ನೋಡಿದೆವು. ಕಸ್ತೂರಬಾಯಿ ಮಾತ್ರ ಬಾಗಿ ಆ ಕಪ್ಪು ಮೈಗೆ ಕಿವಿ ಇಟ್ಟಳು.



"ಇಲ್ಲೇ ಅದ," ಎಂದಳು.