ನರ್ಸ್ ಬಂದರು

"ಶ್! ಈಗ ನರ್ಸಮ್ಮ ಬರ್ತಾಳೆ. ಯಾರು ಅಳ್ತಾರೋ ಅವರಿಗೆ ಎರಡು ಸಲ ಚುಚ್ತಾಳೆ!"

ಐದನೇ ತರಗತಿ ಗಪ್‌ಚುಪ್ ಆಯಿತು. ಲಸಿಕೆಯ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದ ದಪ್ಪ ಮೀಸೆಯ ಯುವಕ ಗಂಟಲು ಸರಿಮಾಡಿಕೊಂಡ.

"ನರ್ಸಮ್ಮ ಬಂದಳು, ಟೀಚರ್."

ಮಕ್ಕಳು ಹೋ ಎಂದು ನಕ್ಕರು. ಟೀಚರ್‌ಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಪಠ್ಯ ಪರಿಷ್ಕರಣೆಯ ಸಮಿತಿಯಲ್ಲಿ ಮೇಜು ಕುಟ್ಟಿ ವಾದಿಸಿ, 'ಡಾಕ್ಟರ್ ಬಂದನು, ನರ್ಸ್ ಬಂದಳು' ಎಂಬ ಸಾಲನ್ನು ಹೊಡೆದುಹಾಕಿಸಿ, ಇಬ್ಬರಿಗೂ 'ಬಂದರು' ಎಂದು ಬರೆಸಿದ್ದವಳು ಇವಳೇ! ಪುಸ್ತಕ ತಿದ್ದುವ ಭರದಲ್ಲಿ ಮಹಾರಾಯಿತಿ ತನ್ನ ನಾಲಿಗೆ ತಿದ್ದಿಕೊಳ್ಳುವುದನ್ನು ಮರೆತಿದ್ದಳು.

"ಸಾರಿ..."

"ಪರವಾಗಿಲ್ಲ. ಮೊದಲು ನಿಮಗೇ ಎರಡು ಸಲ ಚುಚ್ಚಲಾ?"

ಆ ನಗುವಿಗೆ ಅವಳು ಅಂದೇ ಸೋತಳು. ಲಸಿಕೆ ಮುಗಿದರೂ ಇಬ್ಬರ ಸಂಜೆಯ ಕಾಫಿ ಮುಗಿಯಲಿಲ್ಲ.

ಒಮ್ಮೆ ಬಸ್‌ಸ್ಟಾಪಿನಲ್ಲಿ ಅಕ್ಕ ಎದುರಾದಳು. ಅಮ್ಮನಿಲ್ಲದ ಮನೆಯಲ್ಲಿ ಅಕ್ಕನ ಮಾತೇ ಕೊನೆ.

"ಇವರು...?"

"ಆಸ್ಪತ್ರೇಲಿ..."

"ಡಾಕ್ಟರಾ?"

"ಹೂಂ... ಡಾಕ್ಟರು."

ಅವನು ಅಕ್ಕನಿಗೆ ಕೈಮುಗಿದು, ಬಂದ ಬಸ್ಸು ಹತ್ತಿ ಹೋದ. ಅದು ಅವನ ಮನೆಯ ಕಡೆಯ ಬಸ್ಸೇ ಅಲ್ಲ.

ಆಮೇಲೆ ಅವನು ಫೋನ್ ಎತ್ತಲಿಲ್ಲ.

ಹೊಸ ಪುಸ್ತಕ ಅಚ್ಚಾಗಿ ಬಂದಿತು. ಪಾಠ ಓದುತ್ತಾ 'ನರ್ಸ್ ಬಂದರು' ಎಂಬಲ್ಲಿ ಅವಳು ಪುಸ್ತಕ ಮಡಚಿಟ್ಟಳು.

"ಟೀಚರ್, ಮೀಸೆ ನರ್ಸ್ ಮತ್ತೆ ಬರಲ್ವಾ?" ಮುಂದಿನ ಬೆಂಚಿನ ಹುಡುಗಿ ಕೇಳಿದಳು.

ಛೆ! ಈ ಮಕ್ಕಳಿಗೆ ಸಮಾನತೆ ಕಲಿಸೋ ಮುಖ ನನಗಿದೆಯಾ?

ಮರುದಿನವೇ ಅಕ್ಕನನ್ನು ಮಕ್ಕಳ ವಾರ್ಡಿಗೆ ಎಳೆದುಕೊಂಡು ಹೋದಳು. ಅವನು ನಿದ್ದೆಹೋಗಿದ್ದ ಮಗುವೊಂದರ ಬ್ಯಾಂಡೇಜ್ ಬದಲಿಸುತ್ತಿದ್ದ.

"ಅಕ್ಕಾ, ಇವರು ಡಾಕ್ಟರಲ್ಲ, ನರ್ಸು. ನಾನು ಸುಳ್ಳು ಹೇಳಿದೆ."

"ಯಾಕೇ?"

"ನಾಚಿಕೆಯಾಯ್ತು... ಗಂಡಸಾಗಿ ನರ್ಸಾ ಅಂತ ನೀನು ನಗ್ತೀಯೇನೋ ಅಂತ. ಈಗ ನನ್ನ ಮೇಲೆ ನನಗೇ ಹೇಸಿಗೆ ಆಗ್ತಿದೆ."

ಅಕ್ಕ ಮಗುವನ್ನು ನೋಡಿದಳು. ಅದಿನ್ನೂ ನಿದ್ದೆಯಲ್ಲೇ ಇತ್ತು.

"ನಗೋಕೇನಿದೆ? ಆ ಬ್ಯಾಂಡೇಜ್ ನೀನು ಬಿಚ್ಚಿದ್ರೆ ವಾರ್ಡು ಹಾರಿಹೋಗೋ ಹಾಗೆ ಕಿರುಚ್ತಿತ್ತು!" ಎಂದು ತಂಗಿಯ ತಲೆಗೊಂದು ಮೊಟಕಿ ಹೊರಗೆ ನಡೆದಳು.

ಅವನು ತಲೆ ಎತ್ತಲಿಲ್ಲ.

"ಅವತ್ತು ನಾನೂ ಬಾಯಿಬಿಡಲಿಲ್ಲ ಅಲ್ವಾ? ಒಂದು ಗಳಿಗೆ... ಡಾಕ್ಟರ್ ಅನ್ನಿಸ್ಕೊಳ್ಳೋಕೆ ನನಗೂ ಆಸೆಯಾಯ್ತು. ಆ ನಾಚಿಕೆಗೇ ಫೋನ್ ಎತ್ತಲಿಲ್ಲ."

ಅವಳ ಕಣ್ಣು ತುಂಬಿತು. "ನನ್ನನ್ನ ಕ್ಷಮಿಸ್ತೀರಾ?"

"ಮೊದಲು ವ್ಯಾಕರಣ ಹೇಳಿ, ಟೀಚರ್. ನಿಮ್ಮನೆಗೆ ಹೆಣ್ಣು ಕೇಳೋಕೆ ನರ್ಸ್ ಬರ್ತಾನೋ, ಬರ್ತಾಳೋ?"

ಅಳುವಿನ ನಡುವೆಯೇ ಅವಳಿಗೆ ನಗು ಬಂತು.

"ನರ್ಸ್ ಬರೋದು ಬೇಡ... ಗಂಡು ಕೇಳೋಕೆ ಟೀಚರೇ ಬಂದಿದಾಳೆ."